ಹಿಂತಿರುಗಿಸುವ ಮೌಲ್ಯ (ಪೈಥಾನ್)

ಪೈಥಾನ್ ಗಣಕಭಾಷೆಯಲ್ಲಿ ಒಂದು ಫಂಕ್ಷನ್ ತನ್ನ ಕೆಲಸವನ್ನು ಮುಗಿಸಿ, ತನ್ನನ್ನು ಕರೆದ ಸ್ಥಳಕ್ಕೆ ಒಪ್ಪಿಸುವ ಫಲಿತವನ್ನು ಹಿಂತಿರುಗಿಸುವ ಮೌಲ್ಯ ಎನ್ನುತ್ತಾರೆ. ಇದಕ್ಕೆ ‘ರಿಟರ್ನ್’ ಎಂಬ ಕೀಲಿಪದವಿದೆ. ಗೈಡೊ ವಾನ್ ರಾಸಮ್ ಅವರು ರೂಪಿಸಿದ ಈ ಭಾಷೆಯು ಮೊದಲು ಬಿಡುಗಡೆಯಾದುದು 1991ರಲ್ಲಿ.

ಕಾರ್ಯವಿಧಾನ

ಜಮಖಂಡಿ, ಮುಧೋಳ, ಬೀಳಗಿ ಭಾಗದ ಕಬ್ಬು ಬೆಳೆಗಾರರಿಗೆ ಚಿರಪರಿಚಿತವಾದ ಲೆಕ್ಕವೊಂದರಿಂದ ಇದನ್ನು ತಿಳಿಯಬಹುದು. ಕಾರ್ಖಾನೆಯ ಕಾಟಾದಲ್ಲಿ ಕಬ್ಬು ತುಂಬಿದ ವಾಹನವನ್ನು ತೂಗಿ, ಇಳಿಸಿದ ಮೇಲೆ ಬರಿಯ ವಾಹನದ ತೂಕವನ್ನು ಕಳೆಯಲಾಗುತ್ತದೆ. ‘ನಿವ್ವಳತೂಕ’ ಎಂಬ ಫಂಕ್ಷನ್‌ಗೆ 18400 ಮತ್ತು 6200 ಕಿಲೋಗಳನ್ನು ಕೊಟ್ಟರೆ ಅದು 12200ನ್ನು ಹಿಂತಿರುಗಿಸುತ್ತದೆ. ಟನ್ನಿಗೆ 3000 ರೂಪಾಯಿ ಎಂದು ಭಾವಿಸಿದರೆ, ಮುಂದಿನ ಫಂಕ್ಷನ್ ಆ ಮೌಲ್ಯವನ್ನೇ ಪಡೆದು 36600 ರೂಪಾಯಿಯ ಬಿಲ್ಲನ್ನು ಸಿದ್ಧಪಡಿಸುತ್ತದೆ.

ಸಾಮಾನ್ಯ ತಪ್ಪುಗಳು

ಕಲಿಯುವವರು ‘ಪ್ರಿಂಟ್’ ಮತ್ತು ‘ರಿಟರ್ನ್’ಗಳನ್ನು ಒಂದೇ ಎಂದು ಭಾವಿಸುವುದುಂಟು. ಪ್ರಿಂಟ್ ತೆರೆಯ ಮೇಲೆ ತೋರಿಸುತ್ತದೆಯೇ ಹೊರತು ಏನನ್ನೂ ಒಪ್ಪಿಸುವುದಿಲ್ಲ. ರಿಟರ್ನ್ ಇಲ್ಲದ ಫಂಕ್ಷನ್ ‘ನನ್’ ಎಂಬ ವಿಶೇಷ ಮೌಲ್ಯವನ್ನು ಕೊಡುತ್ತದೆ; ಅದನ್ನು ದರದಿಂದ ಗುಣಿಸಲು ಹೊರಟರೆ ‘ಟೈಪ್‌ಎರರ್’ ಎಂಬ ದೋಷಸೂಚನೆ ಬರುತ್ತದೆ. ಈ ತಪ್ಪು ಬೇಗ ಗೊತ್ತಾಗುವುದರಿಂದ ಅಪಾಯ ಕಡಿಮೆ.

ನಿಜವಾದ ಅಪಾಯ ಇನ್ನೊಂದರಲ್ಲಿದೆ. ರಿಟರ್ನ್ ಸಿಕ್ಕ ಕೂಡಲೇ ಫಂಕ್ಷನ್ ಅಲ್ಲಿಗೇ ಮುಗಿಯುತ್ತದೆ. ಒಬ್ಬ ರೈತನ 12200, 11500, 12800 ಕಿಲೋಗಳ ಮೂರು ಲೋಡುಗಳನ್ನು ಕೂಡುವಾಗ ರಿಟರ್ನ್ ಸಾಲು ಲೂಪಿನ ಒಳಕ್ಕೆ ಸರಿದಿದ್ದರೆ, 36500ರ ಬದಲು ಮೊದಲ ಲೋಡಿನ 12200 ಮಾತ್ರ ದೊರೆಯುತ್ತದೆ. ದೋಷಸೂಚನೆಯೇನೂ ಬಾರದು, ಎರಡು ಲೋಡಿನ ಹಣ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಪೈಥಾನಿನಲ್ಲಿ ಸಾಲಿನ ಮುಂದಿನ ಖಾಲಿ ಜಾಗವೇ ವ್ಯಾಕರಣವಾದ್ದರಿಂದ ಈ ಪ್ರಮಾದ ಸುಲಭವಾಗಿ ನುಸುಳುತ್ತದೆ.

ಒಂದಕ್ಕಿಂತ ಹೆಚ್ಚು ಮೌಲ್ಯಗಳು

ಅಲ್ಪವಿರಾಮದಿಂದ ಬೇರ್ಪಡಿಸಿದ ಹಲವು ಮೌಲ್ಯಗಳು ‘ಟ್ಯೂಪಲ್’ ಎಂಬ ಒಂದೇ ಕಟ್ಟಾಗಿ ಬರುತ್ತವೆ. ರಬಕವಿ-ಬನಹಟ್ಟಿಯ ಮಗ್ಗದಿಂದ ಬಂದ 50 ಮೀಟರ್ ಬಟ್ಟೆಯನ್ನು 6 ಮೀಟರಿನ ಸೀರೆಗಳಾಗಿ ಕತ್ತರಿಸಬೇಕಾದರೆ, ಸಿದ್ಧ ಫಂಕ್ಷನ್ ಆದ ‘ಡಿವ್‌ಮಾಡ್’ 8 ಸೀರೆ, 2 ಮೀಟರ್ ಉಳಿಕೆ ಎಂಬ ಎರಡನ್ನೂ ಒಟ್ಟಿಗೆ ಕೊಡುತ್ತದೆ.

ಕನ್ನಡದ ಬಳಕೆ

2008ರಲ್ಲಿ ಬಂದ ಪೈಥಾನ್ 3.0ರಿಂದ ಫಂಕ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಕೀಲಿಪದಗಳು ಮಾತ್ರ ರೋಮನ್ ಲಿಪಿಯಲ್ಲಿರಬೇಕು. ‘ಇಂಟ್’ ಎಂಬ ಫಂಕ್ಷನ್‌ಗೆ ಉದ್ಧರಣ ಚಿಹ್ನೆಗಳೊಳಗೆ ೧೨೨೦೦ ಎಂದು ಕನ್ನಡ ಅಂಕಿಗಳನ್ನು ಕೊಟ್ಟರೂ ಅದು 12200 ಎಂಬ ಸಂಖ್ಯೆಯನ್ನು ಹಿಂತಿರುಗಿಸುತ್ತದೆ.