ಮಾರಿಯೋ ಹಾರುವುದು ಹೇಗೆ? ‘ಹಾರುವ ಮಾರಿಯೋ’ ಲಿಂಕ್ ಒತ್ತುವ ಮುನ್ನ ಇದನ್ನು ಓದಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಊರು ಯಾವುದೇ ಇರಲಿ, 1990ರ ದಶಕದಲ್ಲಿ ಟಿವಿಗೆ ವೈರ್ ಸಿಕ್ಕಿಸಿ ಕ್ಯಾಸೆಟ್ ಗೇಮ್ ಆಡಿದವರಿಗೆ ಮಾರಿಯೋ ಗೊತ್ತು. ಬಟನ್ ಗಟ್ಟಿಯಾಗಿ ಒತ್ತಿದರೆ, ರಿಮೋಟನ್ನು ಮೇಲಕ್ಕೆ ಎತ್ತಿದರೆ ಅವನು ಹೆಚ್ಚು ಹಾರುತ್ತಾನೆ ಎಂದು ನಂಬಿದವರೂ ಇದ್ದಾರೆ. ಇದು ನಿಜವೇ?

ಸುಳ್ಳು. ಬಟನ್‌ಗೆ ನಿಮ್ಮ ಬಲ ಗೊತ್ತಾಗುವುದಿಲ್ಲ

ಆ ಬಟನ್ ಲೈಟ್ ಸ್ವಿಚ್ ಇದ್ದಂತೆ. ಒತ್ತಿದೆಯೇ, ಇಲ್ಲವೇ ಎಂಬುದಷ್ಟೇ ಗೇಮ್‌ಗೆ ತಿಳಿಯುತ್ತದೆ. ಆದರೆ ಎಷ್ಟು ಹೊತ್ತು ಒತ್ತಿದ್ದೀರಿ ಎಂಬುದು ಮುಖ್ಯ. ಒತ್ತಿ ಹಿಡಿದಷ್ಟು ಹೊತ್ತು ಗೇಮ್ ಗುರುತ್ವವನ್ನು ಕಡಿಮೆ ಮಾಡುತ್ತದೆ, ಜಿಗಿತ ಎತ್ತರವಾಗುತ್ತದೆ.

ಹಾಗಾದರೆ ಹಾರಾಟ?

ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದರೂ ಭೂಮಿಯ ಗುರುತ್ವದಿಂದ ತಪ್ಪಿಸಿಕೊಳ್ಳಲಾರವು. ಗೇಮ್‌ನಲ್ಲಿ ಗುರುತ್ವ ಬರೀ ಒಂದು ಸಂಖ್ಯೆ. ಸೆಕೆಂಡಿಗೆ 50 ಅಥವಾ 60 ಬಾರಿ ಅದನ್ನು ಮಾರಿಯೋ ವೇಗಕ್ಕೆ ಕೂಡಿಸಲಾಗುತ್ತದೆ, ಹಾಗಾಗಿ ಅವನು ಕೆಳಗೆ ಬೀಳುತ್ತಾನೆ.

1988ರ ‘ಸೂಪರ್ ಮಾರಿಯೋ ಬ್ರದರ್ಸ್ 3’ರಲ್ಲಿ ಎಲೆ ಸಿಕ್ಕರೆ ಬಾಲ ಬರುತ್ತದೆ. ಓಡಿ ಓಡಿ ಕೆಳಗಿನ ಮೀಟರ್ ತುಂಬಿಸಬೇಕು. ತುಂಬಿದ ಮೇಲೆ ಜಿಗಿದರೆ ಸುಮಾರು 4 ಸೆಕೆಂಡಿನ ಟೈಮರ್ ಶುರು. ಅಷ್ಟರೊಳಗೆ ಬಟನ್ ಒತ್ತಿದಾಗಲೆಲ್ಲ ಗೇಮ್ ಅವನನ್ನು ಮೇಲಕ್ಕೆ ತಳ್ಳುತ್ತದೆ. ಟೈಮರ್ ಮುಗಿದರೆ ಬಾಲ ಬೀಸಿ ನಿಧಾನವಾಗಿ ಇಳಿಯಬಹುದು, ಏರಲಾಗದು.

1985ರ ಮೊದಲ ಸೂಪರ್ ಮಾರಿಯೋದಲ್ಲಿ ಹಾರುವ ಶಕ್ತಿಯೇ ಇಲ್ಲ. ಆದರೂ ಕೆಲವು ಕ್ಯಾಸೆಟ್‌ಗಳಲ್ಲಿ ಅವನು ಆಕಾಶದಲ್ಲಿ ಈಜುತ್ತಿದ್ದ! ಅದು ಪವಾಡವಲ್ಲ. ‘ಇಲ್ಲಿ ನೀರಿದೆ’ ಎಂದು ಗೇಮ್‌ಗೆ ಹೇಳುವ ಒಂದು ಗುರುತು ಬದಲಾದರೆ ಸಾಕು, ಒಣ ನೆಲದ ಮೇಲೂ ಈಜು ಶುರು.

ಇದರಲ್ಲಿ ಅಪಾಯ ಎಲ್ಲಿದೆ?

ಹಳೆಯ ಆಟದ ಆಸೆ ತೋರಿಸಿ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್‌ಗಳಲ್ಲಿ. ‘ಸೂಪರ್ ಮಾರಿಯೋ ರನ್’ 2016ರ ಡಿಸೆಂಬರ್‌ನಲ್ಲಿ ಐಫೋನ್, ಐಪ್ಯಾಡ್‌ಗಳಿಗೆ ಮಾತ್ರ ಬಂತು. ಆಂಡ್ರಾಯ್ಡ್‌ಗೆ ಬಂದದ್ದು 2017ರ ಮಾರ್ಚ್‌ನಲ್ಲಿ. ನಡುವಿನ ಈ ಸಮಯದಲ್ಲೇ ಅದೇ ಹೆಸರಿನ ನಕಲಿ ಆ್ಯಪ್‌ಗಳು ಹರಿದಾಡಿದವು. ಅವುಗಳಲ್ಲಿ ‘ಮಾರ್ಚರ್’ ಎಂಬ ಕಳ್ಳ ತಂತ್ರಾಂಶ ಸಿಕ್ಕಿತು. ಅದು ನಕಲಿ ಪರದೆ ತೋರಿಸಿ ಬ್ಯಾಂಕ್ ಮತ್ತು ಕಾರ್ಡ್ ವಿವರ ಕದಿಯುತ್ತಿತ್ತು.

ನೀವು ಏನು ಮಾಡಬೇಕು?

- ಗೇಮ್‌ಗಳನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ, ಅಲ್ಲೂ ಕಂಪನಿಯ ಹೆಸರು ನೋಡಿ.
- ಎಸ್‌ಎಂಎಸ್ ಓದಲು ಅನುಮತಿ ಕೇಳುವ ಗೇಮ್ ಬೇಡ.
- ಈಗಾಗಲೇ ಹಾಕಿಕೊಂಡಿದ್ದರೆ ಇಂಟರ್ನೆಟ್ ಆಫ್ ಮಾಡಿ, ಆ್ಯಪ್ ತೆಗೆಯಿರಿ, ಬೇರೆ ಫೋನ್‌ನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ.
- ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕ್‌ಗೂ ತಿಳಿಸಿ.

ನಮ್ಮ ತೀರ್ಮಾನ: ಬಟನ್ ಗಟ್ಟಿಯಾಗಿ ಒತ್ತಿದರೆ ಮಾರಿಯೋ ಹೆಚ್ಚು ಹಾರುವುದಿಲ್ಲ. ಗೊತ್ತಿಲ್ಲದ ಲಿಂಕ್ ಮೆಲ್ಲಗೆ ಒತ್ತಿದರೂ ನಿಮ್ಮ ದುಡ್ಡು ಹಾರಿಹೋಗಬಹುದು. ಫಾರ್ವರ್ಡ್ ಮಾಡುವುದಿದ್ದರೆ ಆ ಲಿಂಕ್ ಬಿಟ್ಟು ಈ ಮಾಹಿತಿ ಕಳಿಸಿ.