ಮನೆಯ ಟಿವಿಗೆ ವಿಡಿಯೋ ರೆಕಾರ್ಡರ್ ಜೋಡಣೆ (ಕಲಬುರಗಿ ಸೀಮೆ)

ವಿಡಿಯೋ ಕ್ಯಾಸೆಟ್ ರೆಕಾರ್ಡರ್, ಅಂದರೆ ವಿಸಿಆರ್, ಅನ್ನು ಮನೆಯ ಟಿವಿಗೆ ಜೋಡಿಸಿ ಸಿನಿಮಾ ನೋಡುವ ರೂಢಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸೀಮೆಗೆ ಬಂದದ್ದು 1980ರ ದಶಕದಲ್ಲಿ. ಇಲ್ಲಿಯ ಮಾತಿನಲ್ಲಿ ಇದು ‘ವಿಡಿಯೋ ಹಚ್ಚೋದು’. ದೀಪ, ಎಣ್ಣೆ, ಟಿವಿ ಎಲ್ಲಕ್ಕೂ ಈ ಒಂದೇ ಕ್ರಿಯಾಪದ ಸಾಕಾಗುತ್ತದೆ.

ಹಿನ್ನೆಲೆ

ಕರ್ನಾಟಕದ ಟಿವಿ ಚರಿತ್ರೆಯನ್ನು 1981ರ ನವೆಂಬರ್ 1ರಂದು ಶುರುವಾದ ಬೆಂಗಳೂರು ದೂರದರ್ಶನದಿಂದ ಎಣಿಸುವವರು ಬಹಳ. ಈ ಲೆಕ್ಕ ಕಲಬುರಗಿಗೆ ಹೊಂದುವುದಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಮುಟ್ಟಿಸಿತು. ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಗುಲ್ಬರ್ಗ (ಈಗಿನ ಕಲಬುರಗಿ), ರಾಯಚೂರು, ವಿಜಾಪುರ ಜಿಲ್ಲೆಗಳು. ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. 1977ರಲ್ಲಿ ಗುಲ್ಬರ್ಗಕ್ಕೆ ತನ್ನದೇ ಪ್ರಸಾರ ಕೇಂದ್ರ ಬಂತು. ರಾಜಧಾನಿಗಿಂತ ನಾಲ್ಕು ವರ್ಷ ಮೊದಲು.

ಜೋಡಣೆಯ ಇತಿಹಾಸಕ್ಕೂ ಸೈಟ್ ಮುಖ್ಯ. ಎಟಿಎಸ್-6 ಉಪಗ್ರಹ ಕಳಿಸುತ್ತಿದ್ದ 860 ಮೆಗಾಹರ್ಟ್ಸ್ ಸಂಕೇತವನ್ನು ಟಿವಿ ನೇರವಾಗಿ ಹಿಡಿಯುತ್ತಿರಲಿಲ್ಲ. ಕೋಳಿಗೂಡಿನ ಜಾಳಿಗೆಯಿಂದ ಮಾಡಿದ ಹತ್ತು ಅಡಿಯ ತಟ್ಟೆ ಆಂಟೆನಾಕ್ಕೂ ಟಿವಿಗೂ ನಡುವೆ ಒಂದು ಪರಿವರ್ತಕ ಇರಲೇಬೇಕಿತ್ತು. ವಿಸಿಆರ್ ಬಂದಾಗಲೇ ಟಿವಿ ಪಕ್ಕ ಎರಡನೇ ಪೆಟ್ಟಿಗೆ ಕೂತಿತು ಎಂದು ಬರೆಯುವವರು ಇದನ್ನು ಮರೆಯುತ್ತಾರೆ. ಈ ಸೀಮೆಯ ಹಳ್ಳಿಗಳಿಗೆ ಟಿವಿ ಬಂದದ್ದೇ ಇನ್ನೊಂದು ಪೆಟ್ಟಿಗೆಯ ಜೊತೆಗೆ.

ಎರಡು ತಿರುಪು, ಒಂದು ಪಿನ್ನು

ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದವು. ಕೊನೆಗೆ ಗೆದ್ದದ್ದು ವಿಎಚ್‌ಎಸ್. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶದಲ್ಲಿ ಬಣ್ಣದ ಪ್ರಸಾರ ಆರಂಭವಾಯಿತು. ಅದರ ಬೆನ್ನಿಗೇ ವಿಸಿಆರ್‌ಗಳು ಬಂದವು, ಹೆಚ್ಚಿನವು ಕೊಲ್ಲಿ ದೇಶಗಳಿಂದ ಮರಳಿದವರ ಸಾಮಾನಿನ ಜೊತೆ. ಪ್ಲೇ ಮಾತ್ರ ಮಾಡುವ ವಿಸಿಪಿಯನ್ನೂ ಜನ ವಿಸಿಆರ್ ಎಂದೇ ಕರೆದರು. ಹೀಗಾಗಿ ‘ನಮ್ಮ ಮನ್ಯಾಗ ವಿಸಿಆರ್ ಇತ್ತು’ ಎಂಬ ನೆನಪಿನಿಂದ ಆ ಮನೆಯಲ್ಲಿ ರೆಕಾರ್ಡಿಂಗೂ ನಡೆಯುತ್ತಿತ್ತು ಎಂದು ತೀರ್ಮಾನಿಸಲಾಗದು.

ಅಂದಿನ ಟಿವಿಗಳಲ್ಲಿ ಚಿತ್ರಕ್ಕೆಂದೇ ಬೇರೆ ದಾರಿ ಇರಲಿಲ್ಲ. ಕಪ್ಪು-ಬಿಳುಪು ಸೆಟ್ಟುಗಳು ಹಲವು ಟ್ರಾನ್ಸ್‌ಫಾರ್ಮರ್ ಇಲ್ಲದೆ ಕರೆಂಟಿಗೇ ಜೋಡಣೆಯಾಗಿದ್ದರಿಂದ ಒಳಗಿನ ಚಾಸಿಸ್ ಮುಟ್ಟಿದರೆ ಶಾಕ್. ಹೊರಗಿನ ಯಂತ್ರದ ತಂತಿಯನ್ನು ಅದಕ್ಕೆ ನೇರ ಬೆಸೆಯುವುದು ಜೀವಕ್ಕೇ ಅಪಾಯ. ಆದ್ದರಿಂದ ವಿಸಿಆರ್‌ನೊಳಗೊಂದು ಮಾಡ್ಯುಲೇಟರ್ ಇರುತ್ತಿತ್ತು, ಅಂದರೆ ಪುಟ್ಟದೊಂದು ಪ್ರಸಾರ ಕೇಂದ್ರವೇ. ಕ್ಯಾಸೆಟ್ಟಿನ ಚಿತ್ರವನ್ನು ಅದು ಚಾನೆಲ್ ಒಂದರ ವೇಷ ಹಾಕಿಸಿ ಆಂಟೆನಾ ಕಿಂಡಿಯಿಂದ ಒಳಗೆ ಬಿಡುತ್ತಿತ್ತು.

ತೊಡಕು ಶುರುವಾಗುತ್ತಿದ್ದದ್ದು ಇಲ್ಲಿಂದ. ಟಿವಿಯ ಬೆನ್ನಿಗೆ 300 ಓಮ್ ಚಪ್ಪಟೆ ವೈರಿನ ಎರಡು ತಿರುಪು. ವಿಸಿಆರ್‌ನಿಂದ ಹೊರಬರುವುದು 75 ಓಮ್ ದುಂಡು ಕೇಬಲ್. ನಡುವೆ ಬೆರಳಗಾತ್ರದ ‘ಬಾಲನ್’ ಎಂಬ ಪರಿವರ್ತಕ ಹಾಕದಿದ್ದರೆ ಚಿತ್ರ ಮಸುಕು, ಅಕ್ಷರಗಳಿಗೆ ಜೋಡಿ ನೆರಳು. ಪಾಲ್ ಪದ್ಧತಿಯ ಹಲವು ಯಂತ್ರಗಳು ಯುಎಚ್‌ಎಫ್ 36ನೇ ಚಾನೆಲ್ ಆಸುಪಾಸು ಸಂಕೇತ ಬಿಡುತ್ತಿದ್ದವು. ಗುಂಡಿ ತಿರುಗಿಸುವ ಹಳೆ ಸೆಟ್ಟುಗಳಲ್ಲಿ ವಿಎಚ್‌ಎಫ್ ಮಾತ್ರ ಇದ್ದರೆ ಪರದೆಯ ತುಂಬ ಚುಕ್ಕಿಗಳೇ. ಅಮೆರಿಕದಲ್ಲಿದ್ದ ನೆಂಟರು ತಂದ ಯಂತ್ರಗಳದ್ದು ಇನ್ನೊಂದು ಕಥೆ. ಅವು ಎನ್‌ಟಿಎಸ್‌ಸಿ, 525 ಗೆರೆ, ಸೆಕೆಂಡಿಗೆ 60 ಫೀಲ್ಡ್. ನಮ್ಮದು ಪಾಲ್, 625 ಗೆರೆ, 50 ಫೀಲ್ಡ್. ಆ ಯಂತ್ರಗಳ ವೋಲ್ಟೇಜೂ ಬೇರೆ, 120.

ಸರಿಯಾಗಿ ಕೂಡಿಸುವ ಕ್ರಮ ಹೀಗಿತ್ತು: ಛಾವಣಿಯ ಆಂಟೆನಾ ವೈರು ವಿಸಿಆರ್ ಒಳಕ್ಕೆ, ಅದರಿಂದ ಇನ್ನೊಂದು ವೈರು ಟಿವಿಗೆ. ಆಮೇಲೆ ಹಿಂಬದಿಯ ಟೆಸ್ಟ್ ಸ್ವಿಚ್ ಒತ್ತಿ, ಪರದೆಯ ಮೇಲೆ ಬಿಳಿ ಪಟ್ಟಿಗಳು ನಿಲ್ಲುವವರೆಗೆ ಟಿವಿಯ ಟ್ಯೂನಿಂಗ್ ಗಾಲಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಬೇಕು. ದೂರದರ್ಶನದ ಚಾನೆಲ್ ಪಕ್ಕದಲ್ಲೇ ಇದ್ದರೆ ಅಡ್ಡಗೆರೆ ಏಳುತ್ತಿತ್ತು. ಆಗ ಸ್ಕ್ರೂಡ್ರೈವರಿನಿಂದ ಮಾಡ್ಯುಲೇಟರನ್ನೇ ತುಸು ಸರಿಸಬೇಕು. ಹಳ್ಳಿಯಲ್ಲಿ ವಿಡಿಯೋ ಬಾಡಿಗೆಗೆ ಕೊಡುವವನು ಯಂತ್ರದ ಜೊತೆ ತಾನೂ ಬರುತ್ತಿದ್ದದ್ದು ಇದಕ್ಕೇ. ಎರೆಮಣ್ಣಿನ ಧೂಳು ಟೇಪು ಓದುವ ಹೆಡ್ ಮೇಲೆ ಕೂತಾಗ ಹೊಸ ನೋಟೊಂದನ್ನು ಮಡಚಿ ಒರೆಸುವವನೂ ಅವನೇ. ಸ್ಪಿರಿಟ್ಟೇ ಸರಿ ಎಂಬುದು ಕೈಪಿಡಿಯ ಮಾತು.

ಪಡಸಾಲೆಯಿಂದ ಅಂಗಳಕ್ಕೆ

ರಾತ್ರಿಗೆ ಮೂರು ಸಿನಿಮಾ, ಮನೆಮಂದಿಯಿಂದ ಪಾಲು ಎತ್ತಿ ಬಾಡಿಗೆ. ಪಡಸಾಲೆ ಸಾಲದಾದಾಗ ಟಿವಿ ಕಟ್ಟೆಗೆ ಬರುತ್ತಿತ್ತು. ಅಂಗಳದಲ್ಲಿ ಊರೇ ಕೂತ ಮೇಲೆ ಅದು ಮನೆಯ ಟಿವಿಯೋ, ಟಾಕೀಸೋ? ರಾಜ್ಯ ಸರ್ಕಾರ ವಿಸಿಆರ್ ಮೂಲಕ ಟಿವಿ ಪರದೆಯಲ್ಲಿ ಚಲನಚಿತ್ರ ತೋರಿಸುವುದನ್ನು ನಿಯಂತ್ರಿಸಲು 1983ರ ಕಾಯ್ದೆ ತಂದದ್ದು ಈ ಗೊಂದಲದ ಕಾಲದಲ್ಲೇ. 1984ರ ತಿದ್ದುಪಡಿಯಿಂದ ವಿಡಿಯೋ ಚಿತ್ರಗಳೂ ಕೃತಿಸ್ವಾಮ್ಯ ಕಾಯ್ದೆಯ ವ್ಯಾಪ್ತಿಗೆ ಬಂದವು.

1990ರ ದಶಕದಲ್ಲಿ ಕೇಬಲ್‌ನವರು ಇದೇ ಜೋಡಣೆಯನ್ನು ಹಿಗ್ಗಿಸಿದರು. ಒಂದು ವಿಸಿಆರ್, ಒಂದು ಮಾಡ್ಯುಲೇಟರ್, ಅದರ ತುದಿಗೆ ಒಂದು ಟಿವಿಯ ಬದಲು ಇಡೀ ಓಣಿ. ಮನೆಯಲ್ಲಿ ಯಂತ್ರ ಇಡುವ ಅಗತ್ಯವನ್ನು ಮೊದಲು ತಗ್ಗಿಸಿದ್ದು ಕೇಬಲ್, ಸಿ.ಡಿ. ಆಮೇಲೆ ಬಂದದ್ದು. ಬಣ್ಣದ ಟಿವಿಗಳಲ್ಲಿ ಹಳದಿ, ಬಿಳಿ, ಕೆಂಪು ಪಿನ್ನುಗಳು ಬಂದ ಮೇಲೆ ಟ್ಯೂನಿಂಗ್ ಕೆಲಸವೂ ತಪ್ಪಿತು.

ಈಚೆಗೆ

ಜಪಾನಿನ ಫುನಾಯಿ ಕಂಪನಿ 2016ರ ಜುಲೈಯಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. 2021ರಲ್ಲಿ ಕಲಬುರಗಿಯ ಅನಲಾಗ್ ಪ್ರಸಾರ ನಿಲ್ಲುವ ಸುದ್ದಿ ‘ಕೇಂದ್ರವೇ ಮುಚ್ಚಿತು’ ಎಂದು ಹರಡಿತು. ಹಳತಾದ ಟ್ರಾನ್ಸ್‌ಮಿಟರ್ ಮಾತ್ರ ನಿಲ್ಲುತ್ತದೆ, ಕಾರ್ಯಕ್ರಮ ತಯಾರಿ ಮುಂದುವರಿಯುತ್ತದೆ ಎಂದು ಪ್ರಸಾರ ಭಾರತಿ ಸ್ಪಷ್ಟಪಡಿಸಿತು.

ಈಗ ವಿಸಿಆರ್‌ಗೆ ಉಳಿದಿರುವ ಕೆಲಸ ಮದುವೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು. ಅದಕ್ಕೆ ಮೊದಲು ಕ್ಯಾಸೆಟ್ ನೋಡಬೇಕೆಂದರೆ ಹೊಸ ಟಿವಿಯಲ್ಲಿ ಮೂರು ಪಿನ್ನಿನ ಜಾಗಕ್ಕೆ ಹಲವು ಸಲ ಒಂದೇ ಸಣ್ಣ ತೂತು ಇರುತ್ತದೆ. ಅದಕ್ಕೆ ಸಿಗುವ ಕವಲು ವೈರಿನ ಒಳಜೋಡಣೆ ಒಂದೊಂದು ಕಂಪನಿಯದು ಒಂದೊಂದು ತರ. ಹಳದಿಯನ್ನು ಕೆಂಪಿಗೆ ಚುಚ್ಚಿದಾಗಲೇ ಚಿತ್ರ ಮೂಡುವುದೂ ಉಂಟು.