ಬಿರುದು ಮತ್ತು ಮರ್ಯಾದೆ

ಮಾತಿನಲ್ಲಿ ಗೌರವವನ್ನು ಸಲ್ಲಿಸಲು ಕನ್ನಡದಲ್ಲಿ ಎರಡು ದಾರಿಗಳಿವೆ. ಒಂದು ಬಿರುದಿನದು, ಇನ್ನೊಂದು ನಂಟಿನದು. ಮೊದಲನೆಯದು ಅರಮನೆಯಲ್ಲಿ ಬೆಳೆಯಿತು, ಎರಡನೆಯದು ಮನೆಯಂಗಳದಲ್ಲಿ.

ಬಾದಾಮಿಯ ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಸೋಲಿಸಿ ‘ಪರಮೇಶ್ವರ’ನೆನಿಸಿಕೊಂಡನೆಂದು ಚಾಲುಕ್ಯರ ಶಾಸನಗಳು ಹೇಳುತ್ತವೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತನು. ಚಾಲುಕ್ಯ ತೈಲಪನು ರನ್ನನನ್ನು ‘ಕವಿಚಕ್ರವರ್ತಿ’ಯೆಂದು ಮನ್ನಿಸಿದನು. ಇವನ್ನು ಬರಿಯ ಹೊಗಳಿಕೆಯೆಂದು ತಿಳಿಯಬಾರದು. ಬಿರುದು ಪಡೆದವನಿಗೆ ಸಭೆಯಲ್ಲಿ ಹಿರಿಮೆ ದೊರೆಯುತ್ತಿತ್ತು. ಅದನ್ನು ಕೊಡುವ ಅಧಿಕಾರ ತನ್ನದೆಂದು ಕೊಟ್ಟವನು ಸಾರಿದಂತೆಯೂ ಆಗುತ್ತಿತ್ತು.

12ನೆಯ ಶತಮಾನದ ಕಲ್ಯಾಣದಲ್ಲಿ ಗೌರವದ ಮಾತು ಬೇರೊಂದು ಹಾದಿ ಹಿಡಿಯಿತು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಜನ ಆ ಪದವಿಯನ್ನೂ ಭಕ್ತಿಯತ್ತ ತಿರುಗಿಸಿ ‘ಭಕ್ತಿಭಂಡಾರಿ’ ಎಂದರು. ಹೆಸರಿನೊಳಗೇ ಬೆರೆತುಹೋದದ್ದು ಮಾತ್ರ ‘ಅಣ್ಣ’. ಮಹಾದೇವಿ ‘ಅಕ್ಕ’ನಾದಳು. ಇನ್ನೂ ದೊಡ್ಡ ಸಂಗತಿಯೊಂದುಂಟು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ: ಈ ಹೆಸರುಗಳಲ್ಲಿ ಕಾಯಕ ಮುಂದಿದೆ, ‘ಅಯ್ಯ’ ಹಿಂದಿದೆ. ದೋಣಿ ನಡೆಸುವವನೂ ಬಟ್ಟೆ ಒಗೆಯುವವನೂ ತೊಗಲು ಹದಮಾಡುವವನೂ ತಮ್ಮ ಕಸುಬನ್ನು ಮರೆಮಾಚದೆಯೇ ‘ಅಯ್ಯ’ರಾದರು. ಚೆಲ್ಲಿದ ಅಕ್ಕಿಯನ್ನು ಆಯುವ ದಂಪತಿಗಳಲ್ಲಿ ಹೆಂಡತಿ ಲಕ್ಕಮ್ಮನಾದಳು. ಸಮಾಜ ಹೀನಾಯವಾಗಿ ಕಂಡ ಸೂಳೆ ಸಂಕವ್ವೆಗೂ ತಾಯಿಗೆ ಸಲ್ಲುವ ‘ಅವ್ವೆ’ ದೊರೆಯಿತು. ಇವರಾರಿಗೂ ಯಾವ ದೊರೆಯೂ ಬಿರುದು ಕೊಟ್ಟಿರಲಿಲ್ಲ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 18ನೆಯ ವಿಧಿಯು ಸೈನಿಕ ಮತ್ತು ವಿದ್ಯಾಸಂಬಂಧವಾದ ಮನ್ನಣೆಗಳ ಹೊರತು ರಾಜ್ಯವು ಬಿರುದುಗಳನ್ನು ಕೊಡಕೂಡದೆಂದು ವಿಧಿಸಿತು. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆಮುಂದೆ ಹಚ್ಚಿಕೊಳ್ಳುವಂತಿಲ್ಲ ಎಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೂ ಆಹ್ವಾನಪತ್ರಿಕೆಗಳಲ್ಲಿ ಅವು ಹೆಸರಿಗೆ ಅಂಟಿಕೊಂಡೇ ಇವೆ. ಬಿರುದಿನ ಹಂಬಲ ಅಷ್ಟು ಸುಲಭವಾಗಿ ಬಿಡುವಂಥದಲ್ಲ.

ಕಾಯಿದೆಯ ಕೈ ಮುಟ್ಟದ ಇನ್ನೊಂದು ಎಡೆಯಿದೆ. ಒಡೆಯನ ಮನೆಯ ಹುಡುಗ ನರೆತ ತಲೆಯ ಕೂಲಿಯಾಳನ್ನು ‘ಏನೋ, ಬಾರೋ’ ಎನ್ನುತ್ತಾನೆ. ಆ ಮುದುಕ ಹುಡುಗನಿಗೆ ‘ಬುದ್ಧೀ’ ಎನ್ನುತ್ತಾನೆ. ಏಕವಚನವೆಲ್ಲ ಅಗೌರವವಲ್ಲ, ನಿಜ. ತಾಯಿಯನ್ನೂ ದೇವರನ್ನೂ ನಾವು ‘ನೀನು’ ಎಂದೇ ಕರೆಯುತ್ತೇವೆ. ಅಲ್ಲಿ ಸಲುಗೆಯಿದೆ. ಕೂಲಿಯಾಳಿಗೆ ನಾವಾಡುವ ‘ನೀನು’ವಿನಲ್ಲಿ ಆ ಸಲುಗೆಯಿಲ್ಲ, ಇದ್ದಿದ್ದರೆ ಅವನೂ ನಮ್ಮನ್ನು ‘ನೀನು’ ಎನ್ನಬಹುದಾಗಿತ್ತು.

ಎಂಟುನೂರು ವರ್ಷಗಳ ಹಿಂದೆ ಅಂಬಿಗನಿಗೆ ಸಂದ ‘ಅಯ್ಯ’ ಇಂದಿನ ಕೂಲಿಯಾಳಿಗೆ ಸಲ್ಲಲು ಯಾವ ಅರಸನ ಅಪ್ಪಣೆಯೂ ಬೇಕಿಲ್ಲ. ನಮ್ಮ ನಾಲಗೆ ಮನಸ್ಸುಮಾಡಿದರೆ ಸಾಕು.